ಐಡಲ್ ಎಂಬ ಪದದ ಕಾಗುಣಿತ: ನಮ್ಮ ಮನೆಯ ಡೀಸೆಲ್ ಎಂಜಿನ್ನಿಗೊಂದು ಬಹಿರಂಗ ದೂರು

ಮಾನ್ಯ ಎಂಜಿನ್ ಮಹಾಶಯರೇ,

ನಮ್ಮ ಮನೆಯ ಬೂದು ಬಣ್ಣದ ಕಾರಿನ ಬಾನೆಟ್ಟಿನ ಕೆಳಗೆ ಹನ್ನೊಂದು ವರ್ಷಗಳಿಂದ ಬಿಜಯಂಗೈದಿರುವ, ನಾಲ್ಕು ಸಿಲಿಂಡರು, ಹದಿನಾರು ವಾಲ್ವು, ಒಂದು ಟರ್ಬೊ ಹಾಗೂ ಎಣಿಕೆಗೆ ಸಿಗದಷ್ಟು ಎಚ್ಚರಿಕೆ ದೀಪಗಳಿಗೆ ಒಡೆಯರಾದ ತಮ್ಮ ಪಾದಗಳಿಗೆ, ಪಾದಗಳಿಲ್ಲದ ಪಕ್ಷದಲ್ಲಿ ತಮ್ಮನ್ನು ಹಿಡಿದಿಟ್ಟಿರುವ ಬೋಲ್ಟುಗಳಿಗೆ, ಬಸ್ ಡಿಪೋದ ಸಮಯ ವಿಭಾಗದಲ್ಲಿ ಮೂವತ್ತೊಂದು ವರ್ಷ ಗಡಿಯಾರ ನೋಡಿ ನಿವೃತ್ತನಾದ, ಹೆಂಡತಿ ತೀರಿಕೊಂಡು ಎರಡು ವರ್ಷವಾದ, ಎಡ ಮಂಡಿ ಅಷ್ಟಕ್ಕಷ್ಟೇ ಆದ ಒಬ್ಬ ಮನುಷ್ಯನ ವಿನಯಪೂರ್ವಕ ವಂದನೆಗಳು. ತಾವು ಕ್ಷೇಮವೆಂದು ಭಾವಿಸಿದ್ದೇನೆ ಎಂದು ಬರೆಯುವುದು ವಾಡಿಕೆ. ಆದರೆ ತಾವು ಕ್ಷೇಮವಾಗಿದ್ದಿದ್ದರೆ ನಾನು ಈ ಪತ್ರ ಬರೆಯಲು ಕೂರುತ್ತಿರಲಿಲ್ಲವಾದ್ದರಿಂದ ಆ ಸಾಲನ್ನು ಬಿಟ್ಟಿದ್ದೇನೆ.

ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮೇಷ್ಟರು ಯಾವ ಅರ್ಜಿಯೇ ಆಗಲಿ ‘ಐ ಬೆಗ್ ಟು ಸ್ಟೇಟ್’ ಎಂದು ಶುರುವಾಗಬೇಕೆಂದು ಹೇಳಿಕೊಟ್ಟಿದ್ದರು. ಬೆಗ್ ಎಂದರೆ ಬೇಡುವುದು ಎಂದು ನನಗೆ ಗೊತ್ತಿತ್ತು, ಸ್ಟೇಟ್ ಎಂದರೆ ರಾಜ್ಯ ಎಂದುಕೊಂಡಿದ್ದೆ. ಎರಡು ದಿನದ ಜ್ವರದ ರಜೆ ಕೇಳುವಾಗಲೂ ಮೊದಲು ರಾಜ್ಯವನ್ನೇ ಬೇಡಿ ಆಮೇಲೆ ರಜೆಗೆ ಇಳಿಯುವುದು ಇಂಗ್ಲಿಷರ ದೊಡ್ಡಸ್ತಿಕೆ ಇರಬೇಕೆಂದು ಪದವಿ ಮುಗಿಯುವವರೆಗೂ ನಂಬಿದ್ದೆ. ಆ ಇಂಗ್ಲಿಷಿನಲ್ಲಿ ಅರ್ಧ ಮರೆತುಹೋಗಿ, ಉಳಿದ ಅರ್ಧ ತಪ್ಪಾಗಿ ನೆನಪಿದೆ. ತಮ್ಮ ಕೈಪಿಡಿ, ಅಂದರೆ ಮುನ್ನೂರ ಹನ್ನೆರಡು ಪುಟಗಳ ಮ್ಯಾನ್ಯುಯಲ್ಲು, ಪೂರ್ತಿ ಇಂಗ್ಲಿಷಿನಲ್ಲಿದೆ. ತಮಗೂ ನನಗೂ ನಡುವೆ ಎದ್ದ ಅಷ್ಟೂ ಜಗಳಕ್ಕೆ ಬೀಜ ಅಲ್ಲೇ ಬಿತ್ತು ಎಂಬುದನ್ನು ಓದುಗರು ದಯವಿಟ್ಟು ಮೊದಲೇ ತಿಳಿದುಕೊಳ್ಳತಕ್ಕದ್ದು.

ದೂರಿನ ಮೂಲ ಇಷ್ಟು. ವರ್ಷಕ್ಕೊಮ್ಮೆ ಆಗುವ ಹೊಗೆ ಪರೀಕ್ಷೆಯಲ್ಲಿ ತಾವು ಎರಡು ಸಲ ಫೇಲಾದಿರಿ. ಮೂರನೇ ಸಲವೂ ಫೇಲಾದರೆ ಕಾರು ಗುಜರಿಗೆ ಹೋಗತಕ್ಕದ್ದೆಂದು ನನ್ನ ಮಗಳು ತೀರ್ಪು ಕೊಟ್ಟಳು. ಇವಳು ಎರಡು ಬೀದಿಯಾಚೆ ಔಷಧಿ ಅಂಗಡಿ ನಡೆಸುತ್ತಾಳೆ. ಮಾತ್ರೆ ಎಣಿಸಿದಷ್ಟೇ ಜಾಗ್ರತೆಯಾಗಿ ಮಾತನ್ನೂ ಎಣಿಸಿ ಕೊಡುವವಳು. ಅವಳ ಗಂಡನ ಬಳಿ ಬ್ಯಾಟರಿ ಕಾರಿದೆ. ಅಳಿಯನೂ ಸದ್ದು ಮಾಡುವುದಿಲ್ಲ, ಕಾರೂ ಸದ್ದು ಮಾಡುವುದಿಲ್ಲ; ಇಬ್ಬರೂ ಬಂದು ನಿಂತದ್ದು ನನಗೆ ಗೊತ್ತಾಗುವುದೇ ಇಲ್ಲ. ‘ನಿನಗೆ ಎಲ್ಲಿಗೆ ಬೇಕೋ ನಾವು ಕರ್ಕೊಂಡು ಹೋಗ್ತೀವಪ್ಪ’ ಎಂದಳು ಮಗಳು. ನನಗೆ ಎಲ್ಲಿಗೂ ಹೋಗಬೇಕಾಗಿಲ್ಲ, ಕಾರು ಇರಬೇಕು ಅಷ್ಟೆ, ಎಂದು ಹೇಳಲು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವಳು ನನಗೂ ಒಂದು ಮಾತ್ರೆ ಬರೆಸುತ್ತಿದ್ದಳು.

ಯಾಕೆಂದರೆ ಕಾರು ನನ್ನದಲ್ಲ, ನನ್ನ ಹೆಂಡತಿಯದು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯದ ಪಟ್ಟಿ ಬದಲಿಸಿ, ಚುಚ್ಚುಮದ್ದು ಕೊಟ್ಟು ಬರುವ ದಾದಿ ಅವಳು. ಊರಾಚೆಯ ಹೆದ್ದಾರಿ ಹಿಡಿದು ದಿನಕ್ಕೆ ಎಪ್ಪತ್ತು ಎಂಬತ್ತು ಕಿಲೋಮೀಟರು ತಮ್ಮನ್ನು ಓಡಿಸುತ್ತಿದ್ದಳು. ಒಂಬತ್ತು ವರ್ಷ ತಾವು ಅವಳ ಕೈಯಲ್ಲಿ ಒಮ್ಮೆಯೂ ಕೆಮ್ಮಲಿಲ್ಲ. ಅವಳು ಹೋದ ಮೇಲೆ ನನ್ನ ಕೈಗೆ ಬಂದಿರಿ. ಆರು ತಿಂಗಳಲ್ಲಿ ತಮಗೆ ದಮ್ಮು, ಉಬ್ಬಸ, ಹೊಟ್ಟೆಯುಬ್ಬರ, ಕುಂಟು ಎಲ್ಲವೂ ಒಟ್ಟಿಗೆ ಶುರುವಾದವು. ಇದನ್ನು ನಾನು ತಮ್ಮ ಹಟಮಾರಿತನ ಎಂದು ಭಾವಿಸಿದ್ದೆ. ಹಾಗೆ ಭಾವಿಸಿ ತಮ್ಮ ಬಾನೆಟ್ಟಿನ ಮೇಲೆ ಎರಡು ಸಲ ಗುದ್ದಿದ್ದೂ ಉಂಟು. ಅದಕ್ಕೆ ಕ್ಷಮೆ ಇರಲಿ, ಕೈ ಊದಿಕೊಂಡದ್ದು ನನ್ನದೇ.

ಈಗ ತಮ್ಮ ಗುಣಗಾನ. ಒಂದೂವರೆ ಲೀಟರಿನ ಚೊಂಬಿನಷ್ಟು ಹೊಟ್ಟೆ ಇಟ್ಟುಕೊಂಡು ನೂರಕ್ಕೂ ಹೆಚ್ಚು ಕುದುರೆಗಳನ್ನು ಅದರೊಳಗೆ ಕಟ್ಟಿಹಾಕಿದ್ದೀರಿ. ಡೀಸೆಲನ್ನು ಸಾವಿರದ ಆರುನೂರು ಬಾರ್ ಒತ್ತಡದಲ್ಲಿ ಕೂದಲೆಳೆಯಷ್ಟು ತೂತಿನಿಂದ ಚಿಮ್ಮಿಸುತ್ತೀರಿ. ನಮ್ಮ ಮನೆಯ ನಲ್ಲಿಗೆ ಅದರ ಸಾವಿರದಲ್ಲೊಂದು ಪಾಲು ಒತ್ತಡ ಕೊಡಿ ಎಂದು ನೀರಿನ ಕಚೇರಿಗೆ ನಾನು ಬರೆದ ಏಳು ಪತ್ರಗಳಿಗೆ ಉತ್ತರ ಬಂದಿಲ್ಲ. ತಮ್ಮ ಟರ್ಬೊ ಎಂಬ ಬಸವನಹುಳು, ಬಿಟ್ಟ ಉಸಿರನ್ನೇ ಹಿಡಿದು ಚಕ್ರ ತಿರುಗಿಸಿ, ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ಸುತ್ತಿ, ಹೊಸ ಉಸಿರನ್ನು ಒಳಕ್ಕೆ ತಳ್ಳುತ್ತದಂತೆ. ನಿಟ್ಟುಸಿರು ಬಿಟ್ಟು ಬಿಟ್ಟು ಅದರಿಂದಲೇ ಮುಂದಕ್ಕೆ ಹೋಗುವ ಈ ವಿದ್ಯೆಯನ್ನು ತಾವು ನನಗೂ ಕಲಿಸಬಹುದಿತ್ತು. ನಿಟ್ಟುಸಿರಿಗೆ ನನ್ನಲ್ಲಿ ಬರವಿರಲಿಲ್ಲ.

ಇನ್ನು ನಾನು ತಮ್ಮಿಂದ ತೆಗೆದುಕೊಂಡ ಸೇವೆ. ಬೆಳಿಗ್ಗೆ ಪತ್ರಿಕೆಯ ಅಂಗಡಿಗೆ ಆರುನೂರು ಮೀಟರು, ಹತ್ತು ಗಂಟೆಗೆ ವಾಚನಾಲಯಕ್ಕೆ ಎಂಟುನೂರು ಮೀಟರು, ಹದಿನೈದು ದಿನಕ್ಕೊಮ್ಮೆ ಕ್ಷೌರದಂಗಡಿ. ವೇಗ ಇಪ್ಪತ್ತು. ಪಕ್ಕದಲ್ಲಿ ಮಕ್ಕಳ ಮೂರು ಚಕ್ರದ ಸೈಕಲ್ಲು ಬಂದರೆ ಹದಿನೈದು. ತಮ್ಮ ಸೈಲೆನ್ಸರಿನ ದಾರಿಯಲ್ಲಿ ಮಸಿ ಹಿಡಿದಿಡುವ ಒಂದು ಜರಡಿ ಇದೆ ಎಂದೂ, ಅದು ತುಂಬಿದಾಗ ತಾವೇ ಅದನ್ನು ಕಾಯಿಸಿ ಮಸಿಯನ್ನು ಸುಟ್ಟುಕೊಳ್ಳುತ್ತೀರಿ ಎಂದೂ, ಅದಕ್ಕೆ ಹೆದ್ದಾರಿಯ ಮೇಲೆ ಇಪ್ಪತ್ತು ನಿಮಿಷ ಒಂದೇ ಸಮನೆ ಓಡಬೇಕೆಂದೂ ನನಗೆ ಗೊತ್ತಿರಲಿಲ್ಲ. ನನ್ನ ಅತಿ ದೀರ್ಘ ಪ್ರಯಾಣ ನಾಲ್ಕು ನಿಮಿಷದ್ದು. ತಾವು ಸ್ನಾನಕ್ಕೆ ಇಳಿದು ಮೈಗೆ ನೀರು ಸುರಿದುಕೊಳ್ಳುವಷ್ಟರಲ್ಲಿ ನಾನು ದಿನಾ ಬಾಗಿಲು ಬಡಿದು, ಮನೆ ಬಂತು ಏಳಿ ಎಂದು ಎಬ್ಬಿಸಿದ ಹಾಗಾಯಿತು.

ತಾವು ಸೂಚನೆ ಕೊಡಲಿಲ್ಲವೆಂದು ನಾನು ಹೇಳುವುದಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ‘ರೀಜನರೇಶನ್’ ಎಂದು ಅಕ್ಷರ ಮೂಡಿತು. ಜನರೇಶನ್ ಎಂದರೆ ತಲೆಮಾರು, ರೀ ಎಂದರೆ ಇನ್ನೊಮ್ಮೆ, ಆದ್ದರಿಂದ ಇನ್ನೊಂದು ತಲೆಮಾರು ಬರುವ ಸುದ್ದಿ ಇದು ಎಂದು ಬಿಡಿಸಿಕೊಂಡು ಮಗಳಿಗೆ ಫೋನು ಮಾಡಿ ಏನಾದರೂ ವಿಶೇಷವೇ ಎಂದು ಕೇಳಿದೆ. ಅವಳು ಯಾಕೆ ಎಂದಳು. ಕಾರು ಹೇಳ್ತಿದೆ ಎಂದೆ. ಫೋನು ಇಟ್ಟಳು. ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ, ಬಹಿರಂಗ ಪತ್ರವಾದ್ದರಿಂದ ಇಲ್ಲಿ ಬರೆಯುತ್ತೇನೆ. ‘ರೀ’ ಎಂದು ನನ್ನನ್ನು ಕರೆಯುವ ದನಿ ಮನೆಯಲ್ಲಿ ನಿಂತು ಆಗ ನಾಲ್ಕು ತಿಂಗಳಾಗಿತ್ತು. ಎರಡನೇ ಸಲ ಆ ಪದ ಮೂಡಿದಾಗ ಮೊದಲ ಅಕ್ಷರ ಓದುತ್ತಿದ್ದಂತೆಯೇ ನಾನು ‘ಏನೇ’ ಎಂದುಬಿಟ್ಟೆ. ತಾವು ಮುಂದಿನ ಅಕ್ಷರಗಳನ್ನೂ ತೋರಿಸಿ ನನ್ನ ಮಾನ ತೆಗೆದಿರಿ.

ಆಮೇಲೆ ಎಣ್ಣೆಯ ಪ್ರಸಂಗ. ಎಂಜಿನ್ ಎಂದ ಮೇಲೆ ಆಯಿಲ್ಲು ಕುಡಿಯುತ್ತದೆ, ಅಳತೆ ಕಡ್ಡಿ ಎಳೆದು ನೋಡಿ ಕಡಮೆಯಾದಷ್ಟು ತುಂಬಬೇಕು, ಇದು ಲೋಕರೂಢಿ. ತಮ್ಮ ಕಡ್ಡಿಯಲ್ಲಿ ಎಣ್ಣೆ ತಿಂಗಳಿಂದ ತಿಂಗಳಿಗೆ ಏರುತ್ತಾ ಹೋಯಿತು. ನಾನು ಹಿಗ್ಗಿ ಹೀರೇಕಾಯಿಯಾದೆ. ಎಲ್ಲರ ಕಾರು ಎಣ್ಣೆ ಕುಡಿದರೆ ನಮ್ಮದು ಎಣ್ಣೆ ಕರೆಯುತ್ತದೆ ಎಂದು ಕ್ಷೌರದಂಗಡಿಯಲ್ಲಿ ಕತ್ತಿ ಕತ್ತಿನ ಮೇಲಿರುವಾಗಲೇ ಘೋಷಿಸಿದೆ. ಮಸಿ ಸುಡಲೆಂದು ತಾವು ಸುರಿದುಕೊಂಡ ಡೀಸೆಲು, ನಾನು ನಡುವೆಯೇ ಕೀಲಿ ತಿರುಗಿಸಿದ್ದರಿಂದ ಸುಡದೆ ಉಳಿದು ಎಣ್ಣೆಯೊಳಕ್ಕೆ ಇಳಿದು, ಅದನ್ನು ನೀರು ಮಜ್ಜಿಗೆಯಂತೆ ಮಾಡುತ್ತಿತ್ತು ಎಂದು ಆಮೇಲೆ ತಿಳಿಯಿತು. ಸಾಲದ್ದಕ್ಕೆ, ಮಜ್ಜಿಗೆ ಗಟ್ಟಿಯಾಗಲಿ ಎಂಬಂತೆ, ಡಿಪೋದ ದಿನಗಳಲ್ಲಿ ತಂದಿಟ್ಟಿದ್ದ ಬಸ್ಸಿನ ಎಣ್ಣೆಯ ಅರ್ಧ ಡಬ್ಬಿಯನ್ನು ನನ್ನ ಸ್ವಂತ ಬುದ್ಧಿಯಿಂದ ಸುರಿದೆ. ತಮ್ಮ ಕೈಪಿಡಿ ‘ಲೋ ಆಶ್’ ಎಣ್ಣೆಯನ್ನೇ ಬಳಸಿ ಎಂದಿತ್ತು. ಬೂದಿ ಕಡಮೆ ಇರುವ ಎಣ್ಣೆ ಎಂದು ಅರ್ಥ. ಎಣ್ಣೆಯಲ್ಲಿ ಬೂದಿ ಯಾಕಿರುತ್ತದೆ, ಇದು ಅಚ್ಚಿನ ದೋಷ ಎಂದು ತೀರ್ಮಾನಿಸಿ ಪೆನ್ಸಿಲಿನಿಂದ ತಿದ್ದಿದವನು ನಾನೇ.

ಇಷ್ಟಾದ ಮೇಲೆ ತಾವು ‘ಲಿಂಪ್ ಮೋಡ್’ ಎಂಬ ಅವಸ್ಥೆಗೆ ಇಳಿದಿರಿ. ಲಿಂಪ್ ಎಂದರೆ ಕುಂಟುವುದು. ಎಷ್ಟೇ ಒತ್ತಿದರೂ ಶಕ್ತಿ ಬಿಡದೆ, ಕಿತ್ತಳೆ ಬಣ್ಣದ ದೀಪ ಹಚ್ಚಿಕೊಂಡು ಕುಂಟುತ್ತಾ ಮನೆ ಸೇರುವುದು. ಮಾನ್ಯರೇ, ನಾನೂ ಕುಂಟುತ್ತೇನೆ. ಆದರೆ ಹಣೆಯ ಮೇಲೆ ದೀಪ ಹಚ್ಚಿಕೊಂಡು ಬೀದಿಗೆಲ್ಲಾ ಸಾರುವುದಿಲ್ಲ.

ಮೊದಲ ಹೊಗೆ ಪರೀಕ್ಷೆಯಲ್ಲಿ ಒಂದೂವರೆ ಇರಬೇಕಾದ ಅಂಕಿ ಮೂರೂಕಾಲು ಬಂತು. ಹೆಚ್ಚು ಅಂಕ ಬಂದರೂ ಫೇಲಾಗುವ ಪರೀಕ್ಷೆ ಇದೆಂದು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಎರಡನೇ ಸಲಕ್ಕೆ ನಾನು ಸರ್ವಸಿದ್ಧತೆ ಮಾಡಿದೆ. ಹಳೆಯ ಹಲ್ಲುಜ್ಜುವ ಬ್ರಷ್ಷು, ಹಲ್ಲುಪುಡಿ ಹಿಡಿದು ಹೊಗೆ ಕೊಳವೆಯ ಬಾಯಿಯನ್ನು ಒಂದು ಗೇಣು ಒಳಗಿನವರೆಗೂ ಉಜ್ಜಿ ಮುಖ ಕಾಣುವಂತೆ ಹೊಳೆಸಿದೆ. ಬಿಳಿ ಕೋಟಿನ ಪರೀಕ್ಷಕಿ ಬಾಗಿ, ಬಾಯಿ ಎಷ್ಟು ಸ್ವಚ್ಛವಾಗಿದೆ ಎಂದು ಮೆಚ್ಚಿ, ಅಳತೆಯ ನಳಿಗೆಯನ್ನು ಒಳಗಿಟ್ಟು ಆಕ್ಸಿಲರೇಟರ್ ಒತ್ತಿ ಎಂದು ಸನ್ನೆ ಮಾಡಿದರು. ಒತ್ತಿದೆ. ಕೋಟಿನ ತೋಳು ಮೊಣಕೈಯವರೆಗೆ ಕಪ್ಪಾಯಿತು. ಮುಖಕ್ಕೆ ಮಸಿ ಬಳಿಯುವುದು ಎಂಬ ಮಾತನ್ನು ಅಲ್ಲಿಯವರೆಗೆ ನಾನು ಅಲಂಕಾರವೆಂದುಕೊಂಡಿದ್ದೆ. ಮಗಳು ತೀರ್ಪು ಕೊಟ್ಟದ್ದು ಅಂದು ಸಂಜೆ. ಮೂರನೇ ಪರೀಕ್ಷೆಗೆ ಮುಂದಿನ ಗುರುವಾರ ಗೊತ್ತಾಯಿತು.

ಆಗ ಕಿವಿಯಣ್ಣನ ಬಳಿಗೆ ಹೋದೆ. ಹೆದ್ದಾರಿಯ ತಿರುವಿನಲ್ಲಿ ಗ್ಯಾರೇಜು ಇಟ್ಟಿರುವ ಮೆಕ್ಯಾನಿಕ್ಕನ್ನು ಎಲ್ಲರೂ ಹಾಗೆ ಕರೆಯುತ್ತಾರೆ. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು ಕಾಯಿಲೆ ಹೇಳುವವನು. ಒಳಗೆ ಕಾಲಿಟ್ಟರೆ ಎದುರಿನ ಗೋಡೆಯ ಮೇಲೆ, ಬೇರೆಯವರು ಬೆಟ್ಟದ ಚಿತ್ರ ಹಾಕುವ ಜಾಗದಲ್ಲಿ, ಗಾಜಿನ ಚೌಕಟ್ಟಿನೊಳಗೆ ಹಳದಿಯಾದ ಒಂದು ಕಾಗದ. ಹತ್ತಿರ ಹೋಗಿ ನೋಡಿದೆ. ಕೆಳಗಿದ್ದದ್ದು ನನ್ನ ಸಹಿ.

ಇದನ್ನು ವಿವರಿಸಬೇಕು. ಡಿಪೋದಲ್ಲಿ ನನ್ನ ಕೆಲಸದ ಒಂದು ಭಾಗ, ನಿಂತ ಬಸ್ಸಿನ ಎಂಜಿನ್ನನ್ನು ಸುಮ್ಮನೆ ಓಡಿಸಿ ಡೀಸೆಲು ಹಾಳುಮಾಡುವ ಚಾಲಕರಿಗೆ ಮೆಮೋ ಕೊಡುವುದು. ಸುಮ್ಮನೆ ಓಡುವುದಕ್ಕೆ ಇಂಗ್ಲಿಷಿನಲ್ಲಿ ಐಡಲ್ ಎನ್ನುತ್ತಾರೆ. ಸರಿಯಾದ ಕಾಗುಣಿತ ಐ-ಡಿ-ಎಲ್-ಇ. ನಾನು ಮೂವತ್ತೊಂದು ವರ್ಷ ಬರೆದದ್ದು ಐ-ಡಿ-ಓ-ಎಲ್. ಅದಕ್ಕೂ ಉಚ್ಚಾರ ಐಡಲ್ಲೇ, ಅರ್ಥ ಮಾತ್ರ ವಿಗ್ರಹ. ಅಂದರೆ ನಾನು ಸಾವಿರಾರು ಚಾಲಕರಿಗೆ ‘ನೀವು ಎಂಜಿನ್ನನ್ನು ಏಳು ನಿಮಿಷ ವಿಗ್ರಹ ಮಾಡಿ ಇಟ್ಟಿದ್ದೀರಿ, ಕಾರಣ ತಿಳಿಸಿ’ ಎಂದು ಗದರಿದ್ದೆ. ಮೇಲಧಿಕಾರಿಗಳು ಅದಕ್ಕೆ ಸಹಿ ಹಾಕಿದ್ದರು. ಅವರೂ ನನ್ನ ಮೇಷ್ಟರ ಬಳಿಯೇ ಓದಿರಬೇಕು.

ಕಿವಿಯಣ್ಣ ಆ ಕಾಲದಲ್ಲಿ ನಮ್ಮ ಚಾಲಕನಾಗಿದ್ದನಂತೆ. ನನಗೆ ಮುಖ ನೆನಪಿರಲಿಲ್ಲ, ಅವನಿಗೆ ನನ್ನ ಮುಖ ಮರೆತಿರಲಿಲ್ಲ. ಬ್ರೇಕಿಗೆ ಗಾಳಿಯ ಒತ್ತಡ ತುಂಬಲು ಬೆಳಿಗ್ಗೆ ಏಳು ನಿಮಿಷ ಎಂಜಿನ್ ಓಡಲೇಬೇಕು ಎಂದು ಅವನು ಅಂದು ಬರೆದುಕೊಟ್ಟಿದ್ದ ಉತ್ತರದ ಮೇಲೆ ನಾನು ‘ನಾಟ್ ಕನ್ವಿನ್ಸಿಂಗ್’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೆನಂತೆ. ಬ್ರೇಕಿಲ್ಲದೆ ಹೊರಡು ಎಂದು ಸರ್ಕಾರಿ ಕಾಗದದಲ್ಲಿ ಆಜ್ಞೆ ಮಾಡಿದವನು ಇಡೀ ಜಿಲ್ಲೆಗೆ ನಾನೊಬ್ಬನೇ ಎಂದು ಅವನು ಯಾವ ಕಹಿಯೂ ಇಲ್ಲದೆ ಹೇಳಿ, ಕೂರಲು ಸ್ಟೂಲು ಕೊಟ್ಟ. ‘ನೀವು ಬರ್ತೀರ ಅಂತ ಗೊತ್ತಿದ್ದಿದ್ರೆ ಗಾಜು ಒರೆಸಿ ಇಡ್ತಿದ್ದೆ ಸಾರ್’ ಎಂದ.

ಅನಂತರ ಅವನು ತಮ್ಮ ಎದೆಗೆ ಸ್ಕ್ರೂ ಡ್ರೈವರ್ ಇಟ್ಟು ಕಿವಿಗೊಟ್ಟ. ಜರಡಿ ತುಂಬಿದೆ; ಹೊಗೆಯನ್ನು ಮತ್ತೆ ಒಳಕ್ಕೆ ತಿರುಗಿಸುವ ವಾಲ್ವು ಮಸಿ ಮೆತ್ತಿ ಅರ್ಧ ಬಾಯಿ ತೆರೆದೇ ನಿಂತಿದೆ; ಎಣ್ಣೆ ಎಣ್ಣೆಯಾಗಿ ಉಳಿದಿಲ್ಲ; ಟರ್ಬೊಗೆ ಎಣ್ಣೆ ಹೋಗುವ ಸಣ್ಣ ಕೊಳವೆಯಲ್ಲಿ ಎಣ್ಣೆ ಸೀದು ಇದ್ದಿಲಾಗಿ ಕೂತಿದೆ ಎಂದ. ಟರ್ಬೊ ಸತ್ತಿದೆಯೇ ಎಂದು ಕೇಳಿದೆ. ಇಲ್ಲ, ಬಾಯಾರಿದೆ ಎಂದ. ಸತ್ತಿದ್ದರೂ ಚಿಂತೆಯಿರಲಿಲ್ಲವಂತೆ. ಬೇರೆ ಬೇರೆ ಹೆಸರಿನ ನಾಲ್ಕೈದು ಕಂಪನಿಯ ಕಾರುಗಳಲ್ಲಿ ಕೂತಿರುವುದು ತಾವೇ, ಬ್ಯಾಡ್ಜು ಮಾತ್ರ ಬೇರೆ. ಯಾವುದರ ಟರ್ಬೊ ತಂದರೂ ಹೊಂದುತ್ತದಂತೆ. ಇಂಜೆಕ್ಟರುಗಳು ಮಾತ್ರ ಹಾಗಲ್ಲ, ಒಂದೊಂದಕ್ಕೂ ಒಂದೊಂದು ಸಂಕೇತವಿದೆ, ಬದಲಿಸಿದರೆ ಕಂಪ್ಯೂಟರಿಗೆ ಪರಿಚಯ ಮಾಡಿಸಬೇಕಂತೆ. ತಮಗೆ ಊರು ತುಂಬ ದಾಯಾದಿಗಳಿದ್ದಾರೆಂದು ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ಹೊಂದಾಣಿಕೆ ಎಂಬ ಪದ ಕೇಳಿದರೆ ನನಗೆ ಬೇರೆಯೇ ನೆನಪಾಗುತ್ತದೆ. ನಮ್ಮ ಗಂಡಹೆಂಡಿರಲ್ಲಿ ಒಂದು ಭಾಗವೂ ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಅವಳು ಕಿಟಕಿ ತೆರೆದರೆ ನಾನು ಮುಚ್ಚುತ್ತಿದ್ದೆ, ಅವಳು ಟೀಗೆ ಸಕ್ಕರೆ ಹಾಕಿದ ಮೇಲೆ ನಾನು ಬೇಡ ಎನ್ನುತ್ತಿದ್ದೆ, ಆದರೂ ಮೂವತ್ತಾರು ವರ್ಷ ಗಾಡಿ ಓಡಿತು. ಪರಿಚಯ ಮಾಡಿಸಲು ಕಂಪ್ಯೂಟರು ಇರಲಿಲ್ಲ.

ಕೊಳವೆ ಬಿಚ್ಚಿ ಕಪ್ಪು ಪುಡಿಯನ್ನು ಅಂಗೈ ಮೇಲೆ ಉದುರಿಸಿಕೊಂಡು ಕಿವಿಯಣ್ಣ ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ. ‘ಸಾರ್, ಕಾದಿರೋ ಟರ್ಬೊನ ತಟ್ಟನೆ ಆರಿಸಿಬಿಟ್ರೆ ಒಳಗಿರೋ ಎಣ್ಣೆ ಅಲ್ಲೇ ಸೀದು ಹೋಗುತ್ತೆ. ಇದು ಈಚೆಗೆ ಎರಡು ವರ್ಷದ್ದು. ಅದಕ್ಕೆ ಮುಂಚೆ, ನೀವು ಹೇಳಿದ ಹಾಗೆ, ಒಂಬತ್ತು ವರ್ಷ ಹೆದ್ದಾರೀಲಿ ಓಡಿಯೂ ಇದು ಕನ್ನಡಿ ಥರ ಇತ್ತು ಅಂದ್ರೆ, ಯಾರೋ ದಿನಾ ಬಂದು ನಿಲ್ಲಿಸಿದ ಮೇಲೆ ಒಂದು ನಿಮಿಷ ಹಾಗೇ ಐಡಲ್ಲಲ್ಲಿ ಬಿಟ್ಟು, ತಣ್ಣಗಾದ ಮೇಲೆ ಆರಿಸಿದ್ದಾರೆ. ಯಾರದು?’

ಯಾರೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಬೆಳಗಿನ ಪಾಳಿ ಮುಗಿಸಿ ಮೂರಕ್ಕೆ ಮನೆ ಸೇರುತ್ತಿದ್ದ ನಾನು ಸಂಜೆ ಐದೂ ಮುಕ್ಕಾಲಿಗೆ ಗೇಟಿನ ಬಳಿ ನಿಂತಿರುತ್ತಿದ್ದೆ. ಅವಳು ಬಂದು ಕಾರು ನಿಲ್ಲಿಸುತ್ತಿದ್ದಳು. ಇಳಿಯುತ್ತಿರಲಿಲ್ಲ. ಎಂಜಿನ್ ಓಡುತ್ತಲೇ ಇರುತ್ತಿತ್ತು. ಸೀಟಿಗೆ ತಲೆಯೊರಗಿಸಿ ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದಳು. ನಾನು ಗಾಜಿಗೆ ಬೆರಳಿನಿಂದ ಕುಟ್ಟಿ, ಮಣಿಕಟ್ಟಿನ ಗಡಿಯಾರ ತೋರಿಸಿ, ಡೀಸೆಲು ಸುಮ್ಮನೆ ಉರಿಯುತ್ತಿದೆ ಎಂದು ಡಿಪೋದ ದನಿಯಲ್ಲಿ ಹೇಳುತ್ತಿದ್ದೆ. ಅವಳು ಕಣ್ಣು ತೆರೆಯದೆ ನಗುತ್ತಿದ್ದಳು. ಇದು ಅವಿಧೇಯತೆ ಎಂದು ನಾನು ತಿಳಿದಿದ್ದೆ. ಚಾಲಕರಿಗಾದರೆ ಮೆಮೋ ಕೊಡಬಹುದಿತ್ತು.

ಯಾವ ಎಣ್ಣೆ ಎಂದು ನೋಡಲು ಕಿವಿಯಣ್ಣ ಕೈಪಿಡಿ ಕೇಳಿದ. ಡ್ಯಾಶ್‌ಬೋರ್ಡಿನ ಕಪಾಟಿನಿಂದ ತೆಗೆದುಕೊಟ್ಟೆ. ನೂರ ನಲವತ್ತನೇ ಪುಟ ತೆರೆದದ್ದೇ ಅವನು ಓದುವುದನ್ನು ನಿಲ್ಲಿಸಿ, ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ಕೈ ತೊಳೆಯುವ ನೆಪದಲ್ಲಿ ಹಿಂದಕ್ಕೆ ಹೋದ. ಟರ್ಬೊ ತಣ್ಣಗಾಗಲು ಒಂದು ನಿಮಿಷ ಐಡಲ್ ಮಾಡಿ ಎಂಬ ಸಾಲಿನ ಕೆಳಗೆ ಗೆರೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ, ಔಷಧಿಯ ಚೀಟಿಗೆ ಬರೆಯುವ ಅವಳ ಪುಟ್ಟ ಅಕ್ಷರದಲ್ಲಿ: ‘ಒಂದು ನಿಮಿಷ. ಇವರಿಗೆ ಹೇಳಬಾರದು. ಹೇಳಿದರೆ ಇದಕ್ಕೂ ಒಂದು ರಿಜಿಸ್ಟರ್ ಇಡುತ್ತಾರೆ.’

ಮಾನ್ಯರೇ, ಇದರಲ್ಲಿ ಆಕ್ಷೇಪಿಸುವಂಥದ್ದು ಒಂದಕ್ಷರವೂ ಇಲ್ಲ. ಓದುತ್ತಿದ್ದಂತೆಯೇ ನನ್ನ ತಲೆಯೊಳಗೆ ನಾಲ್ಕು ಕಾಲಂ ಗೆರೆ ಬಿದ್ದಿದ್ದವು: ದಿನಾಂಕ, ಬಂದ ಹೊತ್ತು, ಆರಿಸಿದ ಹೊತ್ತು, ಷರಾ. ಸ್ಟೂಲಿನ ಮೇಲೆ ಕೂತಲ್ಲೇ ಲೆಕ್ಕವನ್ನೂ ಹಾಕಿಬಿಟ್ಟೆ. ವರ್ಷಕ್ಕೆ ಮುನ್ನೂರು ಸಂಜೆ, ಒಂಬತ್ತು ವರ್ಷ, ಎರಡು ಸಾವಿರದ ಏಳುನೂರು ನಿಮಿಷ, ನಲವತ್ತೈದು ಗಂಟೆ. ಎರಡು ದಿನಕ್ಕೆ ಮೂರು ಗಂಟೆ ಕಡಮೆ. ಅಷ್ಟು ಹೊತ್ತು ಅವಳು ಗಾಜಿನ ಒಳಗೆ, ನಾನು ಗಾಜಿನ ಹೊರಗೆ. ಪಕ್ಕದ ಸೀಟು ಖಾಲಿಯಿತ್ತು. ಬಾಗಿಲಿಗೆ ಬೀಗವೂ ಇರಲಿಲ್ಲ. ತೆರೆದು ಕೂರಬಹುದಿತ್ತು ಎಂಬುದು, ಸಮಯ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವನಿಗೆ, ಒಂದು ಸಲವೂ ಹೊಳೆಯಲಿಲ್ಲ.

ಕಿವಿಯಣ್ಣ ವಾಲ್ವು ತೊಳೆದ, ಕೊಳವೆ ಬದಲಿಸಿದ, ಬೂದಿ ಕಡಮೆಯ ಎಣ್ಣೆ ತುಂಬಿದ. ಜರಡಿಯನ್ನು ಮಾತ್ರ ತಾವೇ ಸುಟ್ಟುಕೊಳ್ಳಬೇಕು, ಗುರುವಾರ ಬೆಳಿಗ್ಗೆ ಹೆದ್ದಾರಿಯ ಸೇತುವೆಯವರೆಗೆ ಮೂವತ್ತು ಕಿಲೋಮೀಟರು ನಾಲ್ಕನೇ ಗೇರಿನಲ್ಲಿ ಹೋಗಿ ಬನ್ನಿ ಎಂದ. ಹೊರಡುವಾಗ ಇನ್ನೊಂದು ಮಾತು ಸೇರಿಸಿದ. ‘ಎರಡು ವರ್ಷದಿಂದ ಇದನ್ನ ಒರೆಸಿ, ಮುಸುಕು ಹಾಕಿ, ಇಪ್ಪತ್ತರಲ್ಲಿ ಮೆರವಣಿಗೆ ಮಾಡ್ಸಿದ್ದೀರಿ ಸಾರ್. ನಿಮ್ಮ ಮೆಮೋಲಿ ಕಾಗುಣಿತ ತಪ್ಪು ಅಂತ ನಾವೆಲ್ಲ ನಕ್ಕಿದ್ವಿ. ನೀವು ಸರಿಯಾಗೇ ಬರೆದಿದ್ರಿ, ಮೆಮೋ ಯಾರ ಹೆಸರಿಗೆ ಅನ್ನೋದು ಮಾತ್ರ ತಪ್ಪಾಗಿತ್ತು.’

ಗುರುವಾರ ಮಗಳು ಅಂಗಡಿಗೆ ರಜೆ ಹಾಕಿ ಪಕ್ಕದ ಸೀಟಿನಲ್ಲಿ ಕೂತಳು. ನನ್ನ ಮೇಲಿನ ನಂಬಿಕೆಯಿಂದಲ್ಲ, ಆಂಬುಲೆನ್ಸಿನ ನಂಬರು ತನಗೆ ಬಾಯಿಪಾಠವಿದೆ ಎಂಬ ಕಾರಣದಿಂದ ಎಂದಳು. ನಲವತ್ತು ದಾಟಿದಾಗ ಅವಳು ಮೇಲಿನ ಹಿಡಿ ಹಿಡಿದಳು. ಎಂಬತ್ತಕ್ಕೆ ಬಂದಾಗ ಇಬ್ಬರೂ ಮಾತು ನಿಲ್ಲಿಸಿದೆವು. ತಾವು ಮಾತ್ರ, ಮಾನ್ಯರೇ, ಗಂಟಲು ಸರಿಮಾಡಿಕೊಂಡು ಹಾಡತೊಡಗಿದಿರಿ. ನನ್ನ ಹೆಂಡತಿ ಒಂಬತ್ತು ವರ್ಷ ಓಡಾಡಿದ, ನಾನು ನೋಡದ ದಾರಿ ಅದು: ನೀಲಿ ಬಣ್ಣದ ನೀರಿನ ಟ್ಯಾಂಕು, ಒಂದೇ ಸಾಲಿನ ಪುಟ್ಟ ಮನೆಗಳು. ಅಲ್ಲೊಂದು ಗೇಟಿನ ಬಳಿ ಬೆಂಚಿನ ಮೇಲೆ ಕೂತಿದ್ದ ಮುದುಕರೊಬ್ಬರು ಬೂದು ಕಾರು ಕಂಡದ್ದೇ ಕೈ ಎತ್ತಿದರು. ಕಾರು ಯಾರದೆಂದು ನೋಡಲಿಲ್ಲ, ಕೈ ತಾನಾಗಿ ಎದ್ದಿತು. ನಾನೂ ಎತ್ತಿದೆ. ಮಗಳು ‘ಸ್ಟೇರಿಂಗ್ ಹಿಡ್ಕೊಪ್ಪ’ ಎಂದಳು, ಆದರೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಹೇಳಿದಳು.

ಸೇತುವೆಯ ಮೇಲೆ ಆ ಕಿತ್ತಳೆ ದೀಪ ಆರಿತು. ಪರೀಕ್ಷಾ ಕೇಂದ್ರದಲ್ಲಿ ಬಿಳಿ ಕೋಟಿನ ಪರೀಕ್ಷಕಿ ನಮ್ಮನ್ನು ನೋಡಿದ ತಕ್ಷಣ ಕೋಟು ಕಳಚಿ ಮೊಳೆಗೆ ಹಾಕಿ, ಆಮೇಲೆ ನಳಿಗೆ ಹಿಡಿದರು. ಅಂಕಿ ಸೊನ್ನೆ ಪಾಯಿಂಟ್ ನಾಲ್ಕು ಬಂತು. ಯಂತ್ರ ಕೆಟ್ಟಿರಬೇಕೆಂದು ಅವರು ಎರಡನೇ ಸಲ ನೋಡಿದರು, ಅದೂ ನಾಲ್ಕೇ. ಮಗಳು ಚೀಟಿಯನ್ನು ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು. ಗುಜರಿಯ ವಿಷಯ ಎತ್ತಲಿಲ್ಲ. ವಾರಕ್ಕೊಮ್ಮೆ ಸೇತುವೆಯವರೆಗೆ ಹೋಗಬೇಕು, ತಾನಿಲ್ಲದೆ ಹೋಗಕೂಡದು, ಇದು ದಿನಕ್ಕೆರಡು ಬಾರಿ ಊಟದ ನಂತರ ಎನ್ನುವಷ್ಟೇ ಖಡಾಖಂಡಿತ ಎಂದಳು.

ಆದ್ದರಿಂದ, ಮಾನ್ಯರೇ, ದೂರನ್ನು ಹಿಂದಕ್ಕೆ ಪಡೆಯುತ್ತಾ ಕೆಲವು ಸಣ್ಣ ಕೋರಿಕೆಗಳನ್ನು ಮುಂದಿಡುತ್ತೇನೆ. ಮುಂದಿನ ಆವೃತ್ತಿಯ ಕೈಪಿಡಿಯಲ್ಲಿ ನೂರ ನಲವತ್ತನೇ ಪುಟವನ್ನು ಗಂಡಂದಿರಿಗೂ ಓದಲು ಬರುವ ಭಾಷೆಯಲ್ಲಿ ಅಚ್ಚು ಹಾಕಿಸುವುದು. ಎಚ್ಚರಿಕೆ ದೀಪಗಳ ಸಾಲಿನಲ್ಲಿ, ಒಳಗೆ ಕೂತವರು ಸುಮ್ಮನೆ ಕೂತಿಲ್ಲ ಎಂದು ಗೇಟಿನಲ್ಲಿ ನಿಂತವರಿಗೆ ಕಾಣುವಂತೆ ಹೊರಮುಖವಾಗಿ ಒಂದು ದೀಪ ಇಡಿಸುವುದು. ಬಿಟ್ಟ ಉಸಿರನ್ನೇ ತಿರುಗಿಸಿ ಒಳಕ್ಕೆ ತರುವ ವಿದ್ಯೆ ತಮಗಿರುವುದರಿಂದ, ಆ ಎರಡು ಸಾವಿರದ ಏಳುನೂರು ನಿಮಿಷಗಳಲ್ಲಿ ಒಂದನ್ನು, ಹೆಚ್ಚಲ್ಲ ಒಂದೇ ಒಂದನ್ನು, ಅದೇ ರೀತಿ ತಿರುಗಿಸಿ ಕೊಡಲು ಸಾಧ್ಯವೇ ಎಂದು ಪರಿಶೀಲಿಸುವುದು. ಸಾಧ್ಯವಿಲ್ಲ ಎಂಬ ಉತ್ತರ ಬಂದರೆ ‘ನಾಟ್ ಕನ್ವಿನ್ಸಿಂಗ್’ ಎಂದು ಬರೆಯುವ ಅಧಿಕಾರ ಈಗ ನನಗಿಲ್ಲ. ಕೆಂಪು ಪೆನ್ನನ್ನು ಕಿವಿಯಣ್ಣನಿಗೆ ಕೊಟ್ಟು ಬಂದಿದ್ದೇನೆ.

ತಮ್ಮ ಟರ್ಬೊ ತಣ್ಣಗಾಗುವವರೆಗೂ ಪಕ್ಕದಲ್ಲೇ ಕೂತಿರುವ,
ತಮ್ಮ ವಿಶ್ವಾಸಿ,
ಸಮಯ ವಿಭಾಗದ ನಿವೃತ್ತ ಗುಮಾಸ್ತ

ತಾ.ಕ.: ಪರೀಕ್ಷೆ ಪಾಸಾದ ಮರುದಿನವೇ ತಾವು ಡ್ಯಾಶ್‌ಬೋರ್ಡಿನಲ್ಲಿ ಸುರುಳಿಯಂಥ ಇನ್ನೊಂದು ದೀಪ ಹಚ್ಚಿರುವುದನ್ನು ಗಮನಿಸಿದ್ದೇನೆ. ಗ್ಲೋ ಪ್ಲಗ್ ಅಂತೆ, ತಮ್ಮನ್ನು ಎಬ್ಬಿಸುವ ಮುನ್ನ ಬೆಚ್ಚಗೆ ಮಾಡುವ ಭಾಗ. ಕೃತಜ್ಞತೆ ಎಂಬ ಭಾಗ ತಮ್ಮ ಯಾವ ದಾಯಾದಿಯಲ್ಲೂ ಸಿಗುವುದಿಲ್ಲವೇ ಎಂದು ಕಿವಿಯಣ್ಣನನ್ನು ವಿಚಾರಿಸುತ್ತೇನೆ. ಮತ್ತೊಂದು ವಿಷಯ: ಗುರುವಾರ ಮನೆಗೆ ಬಂದು ನಿಂತ ಮೇಲೆ ತಾವು ನಿಯಮದ ಒಂದು ನಿಮಿಷದ ಬದಲು ನಾಲ್ಕು ನಿಮಿಷ ಓಡಿದ್ದೀರಿ. ಇದು ನನ್ನ ಗಡಿಯಾರದ ಲೆಕ್ಕವಲ್ಲ, ಅಂದು ಅದನ್ನು ನಾನು ಕಟ್ಟಿಕೊಂಡಿರಲಿಲ್ಲ. ಮೊದಲೇ ಇಳಿದು ಗೇಟಿನ ಬಳಿ ನಿಂತಿದ್ದ ಮಗಳು ಗಾಜಿಗೆ ಬೆರಳಿನಿಂದ ಕುಟ್ಟಿ ಮಣಿಕಟ್ಟು ತೋರಿಸಿದಳು. ನಾನು ಕಣ್ಣು ತೆರೆಯಲಿಲ್ಲ. ಹೆಚ್ಚುವರಿ ಮೂರು ನಿಮಿಷಕ್ಕೆ ಚಾಲಕನಾದ ನನ್ನ ಮೇಲೆ ನಾನೇ ಮೆಮೋ ಹೊರಡಿಸಿದ್ದೇನೆ: ಎಂಜಿನ್ ಕೆಪ್ಟ್ ಐಡಲ್. ಕನ್ನಡ ಅಕ್ಷರಗಳಲ್ಲಿ ಬರೆದಿರುವುದರಿಂದ ಕಾಗುಣಿತದ ಪ್ರಶ್ನೆ ಏಳುವುದಿಲ್ಲ.